ಅಲುಗದ ಅಂತರ

ಹಲಗೆಯ ಮೇಲೆ ಒಂದು ಏಣಿ ಬರೆದಿದ್ದೇನೆ. ಎರಡೇ ಮೆಟ್ಟಿಲು. ಇವತ್ತಿನ ಮಾತೆಲ್ಲ ಈ ಎರಡರ ನಡುವಿನ ಅಂತರದ್ದು.

ಇದು ಸ್ಟ್ರಾನ್ಷಿಯಂ ಪರಮಾಣುವಿನ ಶಕ್ತಿಯ ಏಣಿ. ಕೆಳಗಿನ ಮೆಟ್ಟಿಲಲ್ಲಿರುವ ಪರಮಾಣು 698 ನ್ಯಾನೊಮೀಟರಿನ ಕೆಂಪು ಬೆಳಕನ್ನು ಹೀರಿಕೊಂಡು ಮೇಲಿನದಕ್ಕೆ ಏರುತ್ತದೆ. ಆ ಬೆಳಕು ಸೆಕೆಂಡಿಗೆ ಸುಮಾರು 429 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಕಂಪನಗಳನ್ನು ತಪ್ಪದೆ ಎಣಿಸಿದರೆ ಅದೇ ಗಡಿಯಾರ. 1967ರಿಂದ ನಮ್ಮ ಸೆಕೆಂಡನ್ನು ಕಾಯುತ್ತಿರುವ ಸೀಸಿಯಂನ ಲೆಕ್ಕ 9,19,26,31,770 ಕಂಪನ. ಅದರ ಪಕ್ಕದಲ್ಲಿ ಸ್ಟ್ರಾನ್ಷಿಯಂ 46 ಸಾವಿರಕ್ಕೂ ಹೆಚ್ಚು ಪಟ್ಟು ಒತ್ತೊತ್ತಾಗಿ ಗೆರೆ ಎಳೆದ ಅಳತೆಪಟ್ಟಿ.

ಆದರೆ ಓಡಾಡುವ ಪರಮಾಣುವನ್ನು ಅಳೆಯಲಾಗದು, ಹಿಡಿದು ನಿಲ್ಲಿಸಬೇಕು. ಅಯಾನಿಗಾದರೆ ವಿದ್ಯುದಂಶವಿದೆ, ವಿದ್ಯುತ್ ಕ್ಷೇತ್ರದಲ್ಲಿ ಕಟ್ಟಿಹಾಕಬಹುದು. ಆದರೆ ಅಯಾನುಗಳು ಒಂದನ್ನೊಂದು ದೂಡುವುದರಿಂದ ಸಾಮಾನ್ಯವಾಗಿ ಒಂದೇ ಒಂದನ್ನು ಇಟ್ಟುಕೊಂಡು ಮತ್ತೆ ಮತ್ತೆ ಅಳೆಯಬೇಕು. ತಟಸ್ಥ ಪರಮಾಣುಗಳಾದರೆ ಸಾವಿರಾರನ್ನು ಒಟ್ಟಿಗೆ ಕೇಳಬಹುದು. ಹತ್ತು ಸಾವಿರ ಪರಮಾಣುಗಳ ಸರಾಸರಿಯಲ್ಲಿ ಅನಿಶ್ಚಿತತೆ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಕಷ್ಟವೆಂದರೆ, ತಟಸ್ಥವಾದುದಕ್ಕೆ ಹಿಡಿಯಲು ಹಿಡಿಕೆಯೇ ಇಲ್ಲ.

ಆ ಹಿಡಿಕೆಯನ್ನು ಬೆಳಕೇ ಒದಗಿಸುತ್ತದೆ. ಬೆಳ್ಳಗೆ ಹೊಳೆಯುವ ಸ್ಟ್ರಾನ್ಷಿಯಂ ಲೋಹದ ಚೂರನ್ನು ಪುಟ್ಟ ಕುಲುಮೆಯಲ್ಲಿ ಕಾಯಿಸುತ್ತಾರೆ. ಅಲ್ಲಿಂದ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಚಿಮ್ಮುವ ಪರಮಾಣುಗಳಿಗೆ ಎದುರಿನಿಂದ 461 ನ್ಯಾನೊಮೀಟರಿನ ನೀಲಿ ಲೇಸರ್ ತಡೆಯೊಡ್ಡುತ್ತದೆ. ಆಮೇಲೆ 689ರ ಕೆಂಪು ಲೇಸರ್ ಅವನ್ನು ಪರಮಶೂನ್ಯಕ್ಕಿಂತ ಡಿಗ್ರಿಯ ಕೆಲವೇ ದಶಲಕ್ಷಾಂಶ ಮೇಲಿರುವಷ್ಟು ತಣಿಸುತ್ತದೆ. ಹೀಗೆ ಸೋತು ಸುಮ್ಮನಾದ ಪರಮಾಣುಗಳ ಮೇಲೆ ಮೂರನೆಯ ಲೇಸರನ್ನು ಹಾಯಿಸಿ, ಕನ್ನಡಿಯಿಂದ ಹಿಂದಿರುಗಿಸುತ್ತಾರೆ. ಹೋಗುವ ಅಲೆಗೆ ಬರುವ ಅಲೆ ಸೇರಿ ಬೆಳಕು ಪದರುಪದರಾಗಿ ನಿಲ್ಲುತ್ತದೆ: ಪ್ರಖರ, ಮಂಕು, ಮತ್ತೆ ಪ್ರಖರ. ಪ್ರಖರವಾದ ಪದರಗಳಲ್ಲಿ ಪರಮಾಣುಗಳು ಪೇರಿಸಿಟ್ಟ ದೋಸೆಗಳಂತೆ ತೆಳ್ಳಗೆ ಕೂರುತ್ತವೆ.

ತೊಡಕು ಹುಟ್ಟುವುದೂ ಇಲ್ಲೇ. ಪರಮಾಣು ಬೆಳಕಿನತ್ತ ಜಾರುವುದು ಅಲ್ಲಿ ಅದರ ಶಕ್ತಿ ಕುಸಿಯುವುದರಿಂದ. ಕುಸಿತವಿಲ್ಲದೆ ಹಿಡಿತವಿಲ್ಲ. ಹತ್ತು ಮೈಕ್ರೊಕೆಲ್ವಿನ್, ಎಂದರೆ ಡಿಗ್ರಿಯ ಹತ್ತು ದಶಲಕ್ಷಾಂಶದಷ್ಟೇ ಆಳದ ಬೆಳಕಿನ ಬಲೆಯೂ ಮೆಟ್ಟಿಲನ್ನು ಸುಮಾರು ಎರಡು ಲಕ್ಷ ಹರ್ಟ್ಸ್ (ಸೆಕೆಂಡಿಗೆ ಎರಡು ಲಕ್ಷ ಕಂಪನ) ಕೆಳಗೆ ತಳ್ಳುತ್ತದೆ. ನಮಗೆ ಬೇಕಾದುದೋ ಒಂದು ಹರ್ಟ್ಸಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ತಪ್ಪು. ಅದಕ್ಕೇ ತಣಿಸಿದ ಪರಮಾಣುಗಳ ಹಿಡಿತ ಸಡಿಲಿಸಿ, ಅವು ಬೀಳುತ್ತಿರುವಾಗಲೇ ಅಳೆಯುವುದು ರೂಢಿಯಾಗಿತ್ತು.

2001ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಹಿಡೆತೊಶಿ ಕತೋರಿ ಒಂದು ಸೂಚನೆ ಮುಂದಿಟ್ಟರು. ಅದರ ಸಾರ ಇಷ್ಟು: ಕುಸಿತ ಇರಲಿ, ಎರಡೂ ಮೆಟ್ಟಿಲು ಒಂದೇ ಸಮ ಕುಸಿದರೆ ಸಾಕು. ಕೆಸರಲ್ಲಿ ಏಣಿ ಒಂದು ಗೇಣು ಹೂತುಹೋಗಲಿ, ಮೆಟ್ಟಿಲುಗಳ ನಡುವಿನ ಅಂತರ ಇದ್ದಷ್ಟೇ ಇರುತ್ತದಲ್ಲ! ಗಡಿಯಾರಕ್ಕೆ ಬೇಕಾದುದು ಆ ಅಂತರ ಮಾತ್ರ.

ಒಂದೇ ಸಮ ಕುಸಿಯುವಂತೆ ಮಾಡುವುದು ಹೇಗೆ? ಬಲೆಯ ಬೆಳಕಿನ ಬಣ್ಣವನ್ನು ಆರಿಸಿಕೊಂಡು. ಕೆಳಗಿನ ಮೆಟ್ಟಿಲು ಮುಖ್ಯವಾಗಿ ಆ 461ರ ನೀಲಿ ಗೆರೆಯ, ಎಂದರೆ ಅದು ಹೀರಿಕೊಳ್ಳುವ ಬಣ್ಣದ, ಪ್ರಭಾವಕ್ಕೆ ಒಳಗಾಗಿದೆ. ಮೇಲಿನದಕ್ಕೆ ಅದರದೇ ಬೇರೆ ಗೆರೆಗಳಿವೆ. 679 ನ್ಯಾನೊಮೀಟರಿನದು ಒಂದು, ಅವಕೆಂಪಿನಲ್ಲಿ 2.6 ಮೈಕ್ರೊಮೀಟರಿನದು ಇನ್ನೊಂದು. 679ರಿಂದ ಆಚೆ ಸರಿಯುತ್ತ ಹೋದರೆ ಮೇಲಿನ ಮೆಟ್ಟಿಲಿನ ಕುಸಿತ ಬೇಗ ಬೇಗ ತಗ್ಗುತ್ತದೆ, ಕೆಳಗಿನದರದು ನಿಧಾನವಾಗಿ. ಎರಡೂ ಕುಸಿತಗಳು 813.4 ನ್ಯಾನೊಮೀಟರಿನ ಬಳಿ ಸಮವಾಗುತ್ತವೆ. ಎರಡೂ ಮೆಟ್ಟಿಲುಗಳಲ್ಲಿ ಇಲೆಕ್ಟ್ರಾನುಗಳ ಒಟ್ಟು ಕೋನೀಯ ಸಂವೇಗ ಸೊನ್ನೆಯಾಗಿರುವುದರಿಂದ ಬೆಳಕು ಯಾವ ದಿಕ್ಕಿಗೆ ಧ್ರುವೀಕರಣಗೊಂಡಿದೆ ಎಂಬುದೂ ಹೆಚ್ಚು ಬಾಧಿಸದು.

ಇದಕ್ಕೆ ‘ಮ್ಯಾಜಿಕ್ ತರಂಗಾಂತರ’ ಎಂಬ ಹೆಸರು ನಿಂತುಬಿಟ್ಟಿದೆ. ನನಗೆ ಆ ಹೆಸರು ಅಷ್ಟು ಹಿಡಿಸಿಲ್ಲ. ಇದು ಪರಮಾಣುವಿನ ಸ್ವಭಾವವನ್ನು ವರ್ಷಗಟ್ಟಲೆ ಓದಿಕೊಂಡವರ ಲೆಕ್ಕಾಚಾರ. ಅದನ್ನು ಪರೀಕ್ಷಿಸುವ ರೀತಿಯಂತೂ ಎಷ್ಟು ಸರಳ, ಎಷ್ಟು ಚೆಂದ! ಬಲೆಯ ಲೇಸರಿನ ಪ್ರಖರತೆಯನ್ನು ಏರಿಸಿ ನೋಡುತ್ತಾರೆ. ಗಡಿಯಾರದ ಕಂಪನಸಂಖ್ಯೆ ಸರಿದರೆ ಬಣ್ಣ ಇನ್ನೂ ಕೂಡಿಬಂದಿಲ್ಲವೆಂದು ಅರ್ಥ. ತುಸು ತಿದ್ದಿ, ಮತ್ತೆ ಏರಿಸಿ ನೋಡುತ್ತಾರೆ. ಕೊನೆಗೆ ಎಷ್ಟು ಏರಿಸಿದರೂ ಇಳಿಸಿದರೂ ಗಡಿಯಾರ ಅಲುಗದ ಒಂದು ಬಿಂದು ಸಿಗುತ್ತದೆ. ಬಹಳ ಸೂಕ್ಷ್ಮಕ್ಕೆ ಹೋದರೆ ಪ್ರಖರತೆಯ ವರ್ಗಕ್ಕೆ ತಕ್ಕಂತೆ ಬೆಳೆಯುವ ಸಣ್ಣ ಶೇಷವೊಂದು ಉಳಿಯುತ್ತದೆ, ಕೋಣೆಯ ಬಿಸಿಯೂ ಮೆಟ್ಟಿಲುಗಳನ್ನು ತಟ್ಟುತ್ತದೆ. ಅವನ್ನು ಬೇರೆಯಾಗಿ ಅಳೆದು ಕಳೆಯಬೇಕು.

ಕತೋರಿಯವರ ತಂಡ ಇಂಥ ಗಡಿಯಾರದ ವಿವರವನ್ನು 2005ರಲ್ಲಿ ಪ್ರಕಟಿಸಿತು. ಮುಂದೆ ಅಂಥವೇ ಎರಡು ಗಡಿಯಾರಗಳನ್ನು ಟೋಕಿಯೊ ಸ್ಕೈಟ್ರೀ ಗೋಪುರಕ್ಕೆ ಒಯ್ದು, ಒಂದನ್ನು ಬುಡದಲ್ಲೂ ಇನ್ನೊಂದನ್ನು 450 ಮೀಟರ್ ಎತ್ತರದಲ್ಲೂ ಇಟ್ಟರು. ಮೇಲಿನದು ದಿನಕ್ಕೆ ಸುಮಾರು ನಾಲ್ಕು ನ್ಯಾನೊಸೆಕೆಂಡು ಮುಂದೆ ಹೋಯಿತು. ಐನ್‌ಸ್ಟೈನ್ ಹೇಳಿದ್ದೂ ಅದನ್ನೇ: ಭೂಮಿಯ ಸೆಳೆತದ ಆಳದಲ್ಲಿ ಕಾಲ ನಿಧಾನ. 2022ರಲ್ಲಿ ಅಮೆರಿಕದ ಬೌಲ್ಡರ್‌ನ ಜುನ್ ಯೆ ಅವರ ತಂಡ ಒಂದೇ ಬಲೆಯೊಳಗೆ, ಒಂದು ಮಿಲಿಮೀಟರಿನ ಎತ್ತರಕ್ಕೂ ಈ ವ್ಯತ್ಯಾಸವನ್ನು ಗುರುತಿಸಿತು. ಅಷ್ಟೇ ಅಷ್ಟು ಮೇಲಕ್ಕೆ ಹೋದರೂ ಕಾಲದ ನಡೆ ಬೇರೆ ಎಂಬುದನ್ನು ಈಗ ಅಳೆದು ತೋರಿಸಬಹುದು.

ಸೆಕೆಂಡಿನ ವ್ಯಾಖ್ಯೆ ಇನ್ನೂ ಸೀಸಿಯಂ ಕೈಯಲ್ಲೇ ಇದೆ. ಅದನ್ನು ಬೆಳಕಿನ ಗಡಿಯಾರಗಳಿಗೆ ಒಪ್ಪಿಸುವ ಸಿದ್ಧತೆ ಜಗತ್ತಿನ ಅಳತೆ ಸಂಸ್ಥೆಗಳಲ್ಲಿ ನಡೆಯುತ್ತಿದೆ. ನಿಮ್ಮಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿದ್ದರೆ ಮುಂದಕ್ಕೆ ಬನ್ನಿ, ಸಂಕೋಚಪಡದೆ ಪ್ರಶ್ನೆ ಕೇಳಿ. ಏಣಿಯ ಚಿತ್ರವನ್ನು ನಾನು ಒರೆಸಿಲ್ಲ.