ಮುಳುಗಿತು, ಮುಳುಗೀತು



ರಾಯದುರ್ಗದ ಕೋಟೆಬೆಟ್ಟವನ್ನು ತೋರಿಸಿ, ಇಲ್ಲಿ ಅಗೆದರೆ ಡೈನೋಸಾರ್ ಮೂಳೆ ದೊರೆಯುವುದೇ ಎಂದು ಮಕ್ಕಳು ಕೇಳುವುದುಂಟು. ದೊರೆಯದು. ಈ ಸೀಮೆಯ ಗ್ರಾನೈಟ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರ್‌ಗಳು ತಲೆದೋರಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಪಳೆಯುಳಿಕೆ ಉಳಿಯುವುದು ಕೆಸರು, ಮರಳು ಪದರಪದರವಾಗಿ ಗಟ್ಟಿಗೊಂಡ ಕಲ್ಲಿನಲ್ಲಿ. ಗೋದಾವರಿ ಕಣಿವೆಯಲ್ಲಿ ಅಂಥ ಕಲ್ಲಿದೆ. ಅಲ್ಲಿ ದೊರೆತ ಕೋಟಸಾರಸ್ ಎಂಬ ಸಸ್ಯಾಹಾರಿಯ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. ಆದರೂ ಡೈನೋಸಾರ್‌ಗೆ ಸಂಬಂಧಿಸಿದ ಒಂದು ದೊಡ್ಡ ವಿವಾದವನ್ನು ಮಡಕಶಿರ, ಹಿಂದೂಪುರ ಕಡೆಯ ಕೆರೆಯ ದಡದಲ್ಲಿಯೇ ಕಲಿಸಲು ಸಾಧ್ಯ.

ಆ ಪ್ರಾಣಿಯ ಹೆಸರು ಸ್ಪೈನೋಸಾರಸ್. ಸುಮಾರು 14 ಮೀಟರ್ ಉದ್ದದ, ಬೆನ್ನ ಮೇಲೆ ಹಾಯಿಯಂತೆ ಎದ್ದ ಮೂಳೆಗಳಿದ್ದ ಮಾಂಸಾಹಾರಿ. ಅದು ಉತ್ತರ ಆಫ್ರಿಕಾದ ನದೀಬಯಲುಗಳಲ್ಲಿ ಸುಮಾರು 9.5 ಕೋಟಿ ವರ್ಷಗಳ ಹಿಂದೆ ಬಾಳಿತು. ಈಜಿಪ್ಟಿನಲ್ಲಿ ಸಿಕ್ಕ ಮೂಳೆಗಳಿಗೆ ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ಆ ಹೆಸರಿಟ್ಟರು. 1944ರಲ್ಲಿ ಮ್ಯೂನಿಕ್ ನಗರದ ಮೇಲೆ ಬಾಂಬು ಬಿದ್ದಾಗ ಆ ಮೂಳೆಗಳು ನಾಶವಾದವು. ಚಿತ್ರಗಳು ಮಾತ್ರ ಉಳಿದವು. ಅರ್ಧ ವಿವಾದಕ್ಕೆ ಈ ನಷ್ಟವೇ ಕಾರಣವೆಂದರೆ ತಪ್ಪಾಗದು.

ಅದು ಮೀನು ತಿನ್ನುತ್ತಿತ್ತೆಂಬುದಕ್ಕೆ ಅದರ ನೀಳ ಮೂತಿ, ಶಂಕುವಿನಾಕಾರದ ಹಲ್ಲುಗಳು ಸಾಕ್ಷಿ. ಅದರ ಬಂಧುವಾದ, ಇಂಗ್ಲೆಂಡಿನಲ್ಲಿ 1983ರಲ್ಲಿ ದೊರೆತ ಬ್ಯಾರಿಯೋನಿಕ್ಸ್‌ನ ಹೊಟ್ಟೆಯ ಭಾಗದಲ್ಲಿ ಮೀನಿನ ಹುರುಪೆಗಳೇ ಇದ್ದವು; ಜೊತೆಗೆ ಎಳೆಯ ಡೈನೋಸಾರೊಂದರ ಮೂಳೆಗಳೂ ಇದ್ದವು. ಮೀನನ್ನು ಹಿಡಿದ ಬಗೆ ಹೇಗೆ? ಅಲ್ಲಿ ಭಿನ್ನಾಭಿಪ್ರಾಯ. ಮೊರಾಕೊದಲ್ಲಿ ದೊರೆತ ಮೂಳೆಗಳನ್ನು ಆಧರಿಸಿ 2014ರಲ್ಲಿ ಗಿಡ್ಡ ಹಿಂಗಾಲುಗಳನ್ನೂ, 2020ರಲ್ಲಿ ಹುಟ್ಟಿನಂತೆ ಅಗಲವಾದ ಬಾಲವನ್ನೂ ತೋರಿಸಿ, ಅದು ಈಜುವ ಬೇಟೆಗಾರ ಎಂದರು ಕೆಲವರು. 2021ರಲ್ಲಿ ಹೋನ್ ಮತ್ತು ಹೋಲ್ಟ್ಜ್ ಎಂಬ ವಿದ್ವಾಂಸರು, ಅದು ದಡದಲ್ಲಿಯೂ ತೆಳುನೀರಿನಲ್ಲಿಯೂ ನಿಂತು ಕೊಕ್ಕರೆಯಂತೆ ಹಿಡಿಯುತ್ತಿತ್ತೆಂದು ವಾದಿಸಿದರು. 2022ರಲ್ಲಿ ಒಂದು ತಂಡ ಮೂಳೆಯ ಸಾಂದ್ರತೆಯನ್ನು ಅಳೆದು ಮುಳುಗುತ್ತಿತ್ತೆಂದಿತು. ಅದೇ ವರ್ಷ ಮತ್ತೊಂದು ತಂಡ, ಅದು ಮುಳುಗಲಾರದಷ್ಟು ಹಗುರ, ಈಜಿದರೂ ನಿಧಾನ ಎಂದು ಲೆಕ್ಕಹಾಕಿತು.

ಈಗ ಕೆರೆಗೆ ಬರೋಣ. ಹಿಂದೂಪುರಕ್ಕೆ ಸಮೀಪದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತ, ಕೊಕ್ಕನ್ನು ಅರೆತೆರೆದು ಅದ್ದಿ, ಮೀನು ತಾಗಿದೊಡನೆ ಅದು ಮುಚ್ಚಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಬೇಕು. ಬಳಿಕ ಮೊಸಳೆಯ ಚಿತ್ರವನ್ನು ಹಿಡಿಯಬೇಕು. ಮೊಸಳೆಯ ಮೂಗಿನ ಹೊಳ್ಳೆಗಳು ಮೂತಿಯ ತುದಿಯಲ್ಲಿ, ಮೇಲ್ಮುಖವಾಗಿವೆ. ಮೈಯೆಲ್ಲ ಮುಳುಗಿದ್ದರೂ ಉಸಿರಾಡಬಲ್ಲದು. ಸ್ಪೈನೋಸಾರಸ್‌ನ ಹೊಳ್ಳೆಗಳು ಹಿಂದಕ್ಕೆ, ಕಣ್ಣಿನ ಕಡೆಗೆ ಸರಿದಿವೆ. ಮೂತಿಯನ್ನು ಅದ್ದಿ ನಿಲ್ಲುವುದಕ್ಕೆ ಇದು ಅನುಕೂಲ; ಮುಳುಗಿ ಹೊಂಚುಹಾಕುವುದಕ್ಕೆ ಅಷ್ಟಲ್ಲ. ಬಾಲವಾದರೋ ಬೇರೆಯದನ್ನೇ ಹೇಳುತ್ತದೆ. ಈ ತಿಕ್ಕಾಟವನ್ನು ಮಕ್ಕಳೇ ಕಂಡುಕೊಳ್ಳಲಿ.

ವಿಜ್ಞಾನಕ್ಕೆ ಕನ್ನಡ ಸಾಲದೆಂದು ಗಡಿಸೀಮೆಯ ತಂದೆತಾಯಿಗಳು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಿರುವ ಕಾಲವಿದು. ಕನ್ನಡದಲ್ಲಿ ‘ಮುಳುಗಿತು’ ಎಂದರೆ ನಡೆದ ಸಂಗತಿ. ‘ಮುಳುಗೀತು’ ಎಂದರೆ ಸಂಭವ. ನಡುವೆ ಇರುವುದು ಒಂದು ದೀರ್ಘ. ಹಿಂದೆ ನಡೆದಿರಬಹುದಾದುದಕ್ಕೆ ‘ಮುಳುಗಿದ್ದೀತು’ ಎಂಬ ರೂಪವೂ ಸಿದ್ಧವಾಗಿದೆ. ಇಷ್ಟು ಸೂಕ್ಷ್ಮವಾದ ಸಂಭಾವನಾರ್ಥಕವನ್ನು ವ್ಯಾಕರಣದ ಘಂಟೆಯಲ್ಲಿ ಬಾಯಿಪಾಠ ಮಾಡಿಸಿ, ವಿಜ್ಞಾನದ ಘಂಟೆಯಲ್ಲಿ ಮರೆಯುವುದು ನಮ್ಮ ತರಗತಿಗಳ ದೋಷ. ಒಂದೇ ಉತ್ತರಕ್ಕೆ ಅಂಕವೆಂಬ ಅಭ್ಯಾಸವೂ ಇದಕ್ಕೆ ಸೇರಿಕೊಂಡಿದೆ.

ಹುರುಪೆ ಸಿಕ್ಕಿತು, ಬಾಲ ಅಗಲವಾಗಿತ್ತು: ಇವಕ್ಕೆ ಹ್ರಸ್ವ. ಮುಳುಗಿದ್ದೀತು, ದಡದಲ್ಲಿ ನಿಂತಿದ್ದೀತು: ಇವಕ್ಕೆ ದೀರ್ಘ. ಎರಡು ಪಟ್ಟಿ ಬರೆಸಿ, ಯಾವ ವಾಕ್ಯ ಯಾವ ಪಟ್ಟಿಗೆ ಸಲ್ಲುವುದೆಂದು ಮಕ್ಕಳು ಜಗಳವಾಡಲಿ. ‘ದೀರ್ಘ’ದ ಪಟ್ಟಿಯ ವಾಕ್ಯಕ್ಕೂ ಕಾರಣ ಬರೆದಿದ್ದರೆ ಪೂರ್ಣ ಅಂಕ ಕೊಡಬೇಕು.