ಹುಡುಕುವವರಿಗೆ ನಮ್ಮ ಅಂಗಡಿ ಕಾಣಲಿ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮಲ್ಲಿ ಹಲವರ ಮನೆಗಳು ಸಣ್ಣ ವ್ಯಾಪಾರದಿಂದಲೇ ನಡೆಯುತ್ತಿವೆ. ಬಟ್ಟೆ ಅಂಗಡಿ, ಬೇಕರಿ, ಗ್ಯಾರೇಜು, ಕರಕುಶಲ ಕೆಲಸ ಹೀಗೆ ಒಂದಲ್ಲ ಒಂದು. ಇವರಲ್ಲಿ ಕೆಲವರು ಹಣ ಕೊಟ್ಟು ವೆಬ್‌ಸೈಟ್ ಮಾಡಿಸಿದ್ದಾರೆ. ಆದರೆ ಅದರಿಂದ ಒಬ್ಬ ಗಿರಾಕಿಯೂ ಬಂದಿಲ್ಲ ಎಂಬುದು ಅವರ ದೂರು. ಗೂಗಲ್‌ನಲ್ಲಿ ಹುಡುಕುವವರಿಗೆ ಆ ವೆಬ್‌ಸೈಟ್ ಕಾಣುವುದೇ ಇಲ್ಲ. ಬೋರ್ಡಿಲ್ಲದ ಅಂಗಡಿಯನ್ನು ಸಂದಿಯೊಳಗೆ ತೆರೆದು ಕುಳಿತಂತೆ ಇದು. ಆ ಬೋರ್ಡು ಹಾಕುವುದು ಹೇಗೆಂಬುದೇ ಇಂದಿನ ನನ್ನ ವಿಷಯ.

ಮೊದಲು ಸರ್ಚ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯೋಣ. ಅದರಲ್ಲಿ ಮೂರು ಹಂತಗಳಿವೆ. ಕ್ರಾಲರ್ ಎಂಬ ತಂತ್ರಾಂಶ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಸಾಗುತ್ತದೆ. ಅದು ಓದಿದ್ದನ್ನು ಇಂಡೆಕ್ಸ್ ಎಂಬ ದೊಡ್ಡ ಸೂಚಿಯಲ್ಲಿ ಸೇರಿಸಲಾಗುತ್ತದೆ. ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ತಕ್ಕ ಪುಟಗಳನ್ನು ಆರಿಸಿ ಸಾಲಾಗಿ ತೋರಿಸಲಾಗುತ್ತದೆ. ಸೂಚಿಗೇ ಸೇರದ ಪುಟ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ನಿಮ್ಮ ಸೈಟ್ ಸೇರಿದೆಯೇ ಎಂದು ನೋಡಲು ಗೂಗಲ್‌ನ ಸರ್ಚ್ ಕನ್ಸೋಲ್ ಇದೆ. ಇದು ಉಚಿತ. ಯಾವ ಪುಟ ಸೇರಿದೆ, ಯಾವ ಪದ ಹುಡುಕಿದವರು ನಿಮ್ಮಲ್ಲಿಗೆ ಬಂದರು ಎಂಬುದನ್ನೆಲ್ಲ ಅದು ತಿಳಿಸುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೀದರಿನ ಬಿದರಿ ಕಲೆಯನ್ನು ನೀವೆಲ್ಲ ಬಲ್ಲಿರಿ. ಸತುವು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಜಾಗದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಕೆಲಸ ಅದು. ಈಗ ಒಬ್ಬ ಕುಶಲಕರ್ಮಿಯ ವೆಬ್‌ಸೈಟನ್ನು ಊಹಿಸಿಕೊಳ್ಳಿ. ಅದರ ಮೊದಲ ಪುಟದಲ್ಲಿ ‘ನಮ್ಮ ಸೈಟಿಗೆ ಸ್ವಾಗತ’ ಎಂಬ ಶೀರ್ಷಿಕೆ, ಕೆಳಗೆ ಇಪ್ಪತ್ತು ಫೋಟೋ, ಅಷ್ಟೇ. ಹೂದಾನಿ ಬೇಕಾದವನು ‘ಸ್ವಾಗತ’ ಎಂದು ಹುಡುಕುವುದಿಲ್ಲ. ‘ಬಿದರಿ ಹೂದಾನಿ ಬೆಲೆ’, ‘ಅಸಲಿ ಬಿದರಿ ಗುರುತಿಸುವುದು ಹೇಗೆ’, ‘ಬಿದರಿ ಪಾತ್ರೆ ಹೊಳಪು ಮಾಡುವುದು ಹೇಗೆ’ ಎಂದು ಹುಡುಕುತ್ತಾನೆ. ಇವಕ್ಕೆ ಉತ್ತರ ಕುಶಲಕರ್ಮಿಗೇ ಚೆನ್ನಾಗಿ ಗೊತ್ತು. ಅವರು ಬರೆಯದಿದ್ದರೆ ಬೇರೆ ಯಾರೋ ಬರೆಯುತ್ತಾರೆ. ಗಿರಾಕಿಯೂ ಲಾಭವೂ ಅವರ ಪಾಲಾಗುತ್ತವೆ. ತಯಾರಿಸಿದವರ ಕೈಗೆ ಕೂಲಿ ಮಾತ್ರ ಉಳಿಯುತ್ತದೆ.

ಆದ್ದರಿಂದ ಈ ಕೆಲಸಗಳನ್ನು ಮಾಡಿ.

ಒಂದು: ಪ್ರತಿ ಪುಟಕ್ಕೂ ಬೇರೆ ಬೇರೆ ಶೀರ್ಷಿಕೆ ಕೊಡಿ. ಅದರಲ್ಲಿ ವಸ್ತುವಿನ ಹೆಸರೂ ಊರಿನ ಹೆಸರೂ ಇರಲಿ. ಗಿರಾಕಿ ಅಂಗಡಿಯಲ್ಲಿ ಕೇಳುವ ಒಂದೊಂದು ಪ್ರಶ್ನೆಗೂ ಸ್ಪಷ್ಟ ಉತ್ತರ ಬರೆಯಿರಿ.

ಎರಡು: ಫೋಟೋದೊಳಗೆ ಬರೆದ ಅಕ್ಷರಗಳನ್ನೇ ನೆಚ್ಚಬೇಡಿ. ಬೆಲೆ, ಅಳತೆ, ವಿಳಾಸ ಎಲ್ಲವೂ ಪಠ್ಯವಾಗಿರಲಿ. ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್ ಎಂಬ ಚಿಕ್ಕ ವಿವರಣೆ ಸೇರಿಸಿ.

ಮೂರು: ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪುಟ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ, ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ಪುಟ ಕನ್ನಡದಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ದೂರದ ಗಿರಾಕಿಗಳಿಗಾಗಿ ಇಂಗ್ಲಿಷ್ ಪುಟವನ್ನೂ ಬೇರೆಯಾಗಿ ಇಡಿ.

ನಾಲ್ಕು: ಸೈಟ್ ಮೊಬೈಲಿನಲ್ಲಿ ಸರಿಯಾಗಿ ತೆರೆಯಬೇಕು. ಮೊಬೈಲಿಗೆ ಹೊಂದುವ ಪುಟಗಳಿಗೆ 2015ರಿಂದಲೇ ಗೂಗಲ್ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ಕೊಡುತ್ತಾ ಬಂದಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎಂಬುದು ಅದರ ಅಳತೆಗೋಲು. ಭಾರೀ ಗಾತ್ರದ ಫೋಟೋಗಳನ್ನು ಕುಗ್ಗಿಸಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಐದು: ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಯನ್ನು ನೋಂದಾಯಿಸಿ. ಇದಕ್ಕೂ ಹಣ ಬೇಕಿಲ್ಲ. ನಕ್ಷೆಯಲ್ಲಿ ಅಂಗಡಿ ಕಾಣುತ್ತದೆ. ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಕಡೆಯೂ ಒಂದೇ ರೀತಿಯಲ್ಲಿರಲಿ.

ಇನ್ನು ಮಾಡಬಾರದ್ದನ್ನೂ ಹೇಳಬೇಕು. ‘ಒಂದೇ ತಿಂಗಳಲ್ಲಿ ಮೊದಲ ಸ್ಥಾನ, ಗ್ಯಾರಂಟಿ’ ಎನ್ನುವವರು ನಿಮಗೂ ಫೋನ್ ಮಾಡಬಹುದು. ಇಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳಿದೆ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂಬುದೂ ಅದರದೇ ಮಾತು. ಒಂದೇ ಪದವನ್ನು ನೂರು ಸಲ ತುರುಕುವುದು, ಹಣ ಕೊಟ್ಟು ಲಿಂಕ್ ಕೊಳ್ಳುವುದು, ಬಂಧುಗಳಿಂದ ಸುಳ್ಳು ಪ್ರಶಂಸೆ ಬರೆಸುವುದು ಇವೆಲ್ಲ ಅಡ್ಡದಾರಿಗಳು. ಸತ್ವವಿಲ್ಲದ ಪುಟಗಳನ್ನು ಹಿಂದಕ್ಕೆ ತಳ್ಳಲು 2011ರಲ್ಲಿ ‘ಪಾಂಡ’, ಕೃತಕ ಲಿಂಕುಗಳ ವಿರುದ್ಧ 2012ರಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆಗಳನ್ನು ಗೂಗಲ್ ತಂದಿತು. ತೂಕದಲ್ಲಿ ಮೋಸ ಮಾಡಿದ ಅಂಗಡಿಗೆ ಆಗುವ ಗತಿಯೇ ಇಲ್ಲಿಯೂ ಆಗುತ್ತದೆ. ಜೊತೆಗೆ, ಡೊಮೇನ್ ಹೆಸರು ಮತ್ತು ಪಾಸ್‌ವರ್ಡ್ ಸೈಟ್ ಮಾಡಿಕೊಟ್ಟವರ ಬಳಿ ಇರದೆ ಮಾಲೀಕರ ಹೆಸರಿನಲ್ಲೇ ಇರಲಿ. ಇಲ್ಲವಾದರೆ ಜಗಳವಾದ ದಿನ ಅಂಗಡಿಯ ಬೀಗದ ಕೈ ಬೇರೆಯವರ ಕೈಯಲ್ಲಿರುತ್ತದೆ.

2024ರಿಂದ ಗೂಗಲ್ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ಸಿದ್ಧಪಡಿಸಿದ ಸಾರಾಂಶವನ್ನೇ ಮೇಲ್ಭಾಗದಲ್ಲಿ ಕೊಡುತ್ತಿದೆ. ಇದನ್ನು ಕಂಡು ಬರೆಯುವುದನ್ನು ನಿಲ್ಲಿಸಬೇಡಿ. ಆ ಸಾರಾಂಶಕ್ಕೂ ಯಾರೋ ಬರೆದ ಪುಟಗಳೇ ಆಧಾರ.

ವಿದ್ಯಾರ್ಥಿ ಮಿತ್ರರೇ, ಇದಕ್ಕೆ ದೊಡ್ಡ ಪದವಿ ಬೇಕಿಲ್ಲ. ತಾಳ್ಮೆ, ಶುದ್ಧವಾದ ಬರವಣಿಗೆ, ಗಿರಾಕಿಯ ಮಾತಿಗೆ ಕಿವಿಗೊಡುವ ಗುಣ ಇದ್ದರೆ ಸಾಕು. ಈ ವರ್ಷ ನಿಮ್ಮಲ್ಲಿ ಪ್ರತಿಯೊಬ್ಬರೂ ನಿಮ್ಮ ಬೀದಿಯ ಒಂದೊಂದು ಅಂಗಡಿಗೆ ಈ ನೆರವು ನೀಡಿ. ಹಿರಿಯರಿಗೆ ವಸ್ತುವಿನ ಜ್ಞಾನವಿದೆ, ನಿಮಗೆ ಕಂಪ್ಯೂಟರಿನ ಜ್ಞಾನವಿದೆ. ಇವೆರಡೂ ಒಂದಾದರೆ ಒಂದು ಕುಟುಂಬದ ದುಡಿಮೆಗೆ ತಕ್ಕ ಬೆಲೆ ಸಿಕ್ಕೀತು. ನೀವು ಕಲಿತ ವಿದ್ಯೆ ಮನೆಯವರ ಕೈ ಹಿಡಿಯಲಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.