ತಲೆನೋವಿಗೂ ಲೆಕ್ಕ ಇಡೋಣ
(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಸಂಘಗಳಲ್ಲಿ ಬೀಡಿ ಕಟ್ಟುವವರು ಕೈ ಎತ್ತಿ ಎಂದರೆ ಎಷ್ಟೋ ಕೈ ಮೇಲೇಳುತ್ತವೆ. ಕುತ್ತಿಗೆ ನೋವು ಯಾರಿಗುಂಟು ಎಂದು ಕೇಳಿದರೂ ಅದೇ ಕೈಗಳು! ತಡ್ಪೆ ಮಡಿಲಲ್ಲಿಟ್ಟು ಗಂಟೆಗಟ್ಟಲೆ ತಲೆ ತಗ್ಗಿಸಿ ಕೂತರೆ ನೋಯದೆ ಇದ್ದೀತೇ? ತಲೆಯ ಭಾರವೇ 4-5 ಕಿಲೋ. ಬಗ್ಗಿದಷ್ಟೂ ಕುತ್ತಿಗೆಯ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ಆ ಬಿಗಿತವೇ ಸಂಜೆಗೆ ಹಿಂದಲೆಯಿಂದ ಹಣೆಗೆ ಹತ್ತುತ್ತದೆ.

ಆಗ ಮಗುವನ್ನು ಅಂಗಡಿಗೆ ಓಡಿಸಿ ಮಾತ್ರೆ ತರಿಸುತ್ತೇವೆ. ಅಪರೂಪಕ್ಕೆ ಒಂದಾದರೆ ಸರಿ. ಆದರೆ ತಿಂಗಳಿಗೆ 15 ದಿನ, ಎರಡು-ಮೂರು ಮದ್ದು ಬೆರೆಸಿದ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಒಂದು ಕೈಸಾಲ ತೀರಿಸಲು ಇನ್ನೊಂದು ಕೈಸಾಲ ಮಾಡಿದ ಹಾಗೆ. ಸಂಘಕ್ಕೆ ಸೇರುವ ಮೊದಲು ಅದನ್ನೂ ಕಂಡವರೇ ನಾವು. ಕೆಲವು ನೋವಿನ ಮಾತ್ರೆಗಳಿಂದ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆಯೂ ಉಂಟು.

ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಗೀಟು, ಮಾತ್ರೆ ನುಂಗಿದ ದಿನಕ್ಕೆ ಸೊನ್ನೆ ಹಾಕಿ. ತಿಂಗಳ ಕೊನೆಗೆ ಆ ಹಾಳೆಯನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಬಿಪಿಯನ್ನೂ ನೋಡಿಸಿ. ಅವರು ನೋವಿನ ಮಾತ್ರೆ ಬಿಡಿ ಎಂದರೆ ಮೊದಲ ಕೆಲವು ದಿನ ನೋವು ಜಾಸ್ತಿಯಾಗಬಹುದು, ಹೆದರಿ ಪುನಃ ಶುರು ಮಾಡಬೇಡಿ. (ಬಿಪಿ ಮಾತ್ರೆ ಬಿಡಲು ನಾನು ಹೇಳಿದ್ದಲ್ಲ, ಆಮೇಲೆ ನನ್ನ ಹೆಸರು ಹೇಳಬೇಡಿ!)

ಬೀಡಿ ಬಿಡಿ ಎಂದು ಹೇಳಲಾರೆ, ಕಟ್ಟಿದಷ್ಟೇ ಮಜೂರಿ. ಆದರೆ ಗೋಡೆಗೆ ಬೆನ್ನು ಕೊಟ್ಟು, ತಡ್ಪೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರಿಸಬಹುದಲ್ಲ. ನೂರು ಬೀಡಿ ಆದಾಗ ಎದ್ದು ನೀರು ಕುಡಿದು, ಭುಜ ತಿರುಗಿಸಿ, ಕುತ್ತಿಗೆಯನ್ನು ನಿಧಾನ ಆಚೀಚೆ ಹೊರಳಿಸಿ. ನಲವತ್ತು ದಾಟಿದವರು ಕಣ್ಣು ಪರೀಕ್ಷೆ ಮಾಡಿಸಿ. ಹತ್ತಿರದ್ದು ಕಾಣದೆಯೇ ಕೆಲವರು ಇನ್ನಷ್ಟು ಬಗ್ಗುವುದು.

ತಟ್ಟನೆ ಸಿಡಿದ ಹಾಗೆ ತಲೆನೋವು ಬಂದರೆ, ಜ್ವರದೊಂದಿಗೆ ಕುತ್ತಿಗೆ ಸೆಟೆದರೆ, ಕೈಕಾಲು ಬಲ ಕಳಕೊಂಡರೆ, ಮಾತು ತೊದಲಿದರೆ, ಗರ್ಭಿಣಿಗೆ ತಲೆನೋವು ಬಂದು ಕಣ್ಣು ಮಂಜಾದರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯ ಸದಸ್ಯೆಯನ್ನು ಕರೆದುಕೊಂಡು ಹೊರಡಿ. ಬ್ರಾಂಚಿಗೆ ಬೀಡಿ ನಾಳೆ ಕೊಟ್ಟರೂ ಆದೀತು.